ಒಣಗಿದ ಬಲೆ ನೋಡಿದ ಹುಡುಗ ಈಗ ಸ್ಟೋರಿನಲ್ಲಿದ್ದಾನೆ: ರಕ್ಷಣಾ ಸಚಿವರಿಗೆ ಮೈಸೂರಿನಿಂದ ಒಂದು ಬಹಿರಂಗ ಪತ್ರ

ಮಾನ್ಯ ರಕ್ಷಣಾ ಸಚಿವರಿಗೆ ನಮಸ್ಕಾರಗಳು.

ನಾನು ಮೈಸೂರಿನಲ್ಲಿರುವ ಒಬ್ಬ ನಿವೃತ್ತ ನಾವಿಕ. ಹುಟ್ಟೂರು ಮಂಡ್ಯ ಜಿಲ್ಲೆ, ಪಾಂಡವಪುರದ ಪಕ್ಕದ ಹಳ್ಳಿ. ಈಜು ಕಲಿತದ್ದು ವಿ.ಸಿ. ನಾಲೆಯಲ್ಲಿ, ಅಪ್ಪನ ಕಣ್ಣು ತಪ್ಪಿಸಿ. ನೌಕಾಪಡೆಗೆ ಆಯ್ಕೆಯಾಗಿ ಒಡಿಶಾದ ಐಎನ್‌ಎಸ್ ಚಿಲ್ಕಾಗೆ ತರಬೇತಿಗೆ ಹೋದಾಗ, ಕಣ್ಣು ಹಾಯುವಷ್ಟು ದೂರ ನೀರು ಕಂಡಿತು. ಇದೇ ಸಮುದ್ರ ಅಂದುಕೊಂಡು ಮನೆಗೆ ಎರಡು ಪುಟ ಕಾಗದ ಬರೆದೆ. ಅದು ಚಿಲಿಕಾ ಸರೋವರ ಅಂತ ಜೊತೆಯವರು ಹೇಳಿ ನಗುವಷ್ಟರಲ್ಲಿ ಕಾಗದ ಪೋಸ್ಟ್ ಆಗಿಬಿಟ್ಟಿತ್ತು.

ಆಮೇಲೆ ಇಪ್ಪತ್ತಕ್ಕೂ ಹೆಚ್ಚು ವರ್ಷ ನಿಜವಾದ ಸಮುದ್ರವನ್ನೇ ನೋಡಿದೆ. ಅದರಲ್ಲಿ ಬಹಳ ಕಾಲ ಬೋರ್ಡಿಂಗ್ ಪಾರ್ಟಿಯಲ್ಲಿದ್ದೆ. ಅನುಮಾನ ಬಂದ ದೋಣಿಯ ಪಕ್ಕಕ್ಕೆ ಜೆಮಿನಿಯಲ್ಲಿ ಹೋಗಬೇಕು (ನಾವು ರಬ್ಬರ್ ದೋಣಿಗೆ ಹಾಗೆ ಅನ್ನುತ್ತೇವೆ), ಹಗ್ಗದ ಏಣಿ ಹತ್ತಬೇಕು, ಒಳಗೇನಿದೆ ಅಂತ ಹುಡುಕಬೇಕು. ಕೊನೆಯ ಕೆಲವು ವರ್ಷ ಇದನ್ನೇ ಬೇರೆ ದೇಶದ ಹುಡುಗರಿಗೆ ಹೇಳಿಕೊಟ್ಟೆ. ಈ ಪತ್ರ ಬರೆಯುತ್ತಿರುವುದು ಆ ಕೆಲಸದ ಬಗ್ಗೆ.

2025ರ ಏಪ್ರಿಲ್ 5ರಂದು ತಾವು ನಮ್ಮ ಕಾರವಾರಕ್ಕೆ ಬಂದಿರಿ. ಐಎನ್‌ಎಸ್ ಸುನಯನಾಗೆ ಹಸಿರು ಬಾವುಟ ತೋರಿಸಿದಿರಿ. ಅದರಲ್ಲಿ ನಮ್ಮವರ ಜೊತೆ 9 ದೇಶಗಳ 44 ಜನ ಇದ್ದರು. ಕೊಮೊರೊಸ್, ಕೆನ್ಯಾ, ಮಡಗಾಸ್ಕರ್, ಮಾಲ್ಡೀವ್ಸ್, ಮಾರಿಷಸ್, ಮೊಜಾಂಬಿಕ್, ಸೆಶೆಲ್ಸ್, ಶ್ರೀಲಂಕಾ, ತಾಂಜಾನಿಯಾ. ಮೊದಲು ಕೊಚ್ಚಿಯಲ್ಲಿ ಪಾಠ, ಆಮೇಲೆ ಒಂದೇ ಹಡಗಿನಲ್ಲಿ ಒಟ್ಟಿಗೆ ಪ್ರಯಾಣ. ದಾರ್ ಎಸ್ ಸಲಾಮ್, ನಕಾಲಾ, ಪೋರ್ಟ್ ಲೂಯಿ, ವಿಕ್ಟೋರಿಯಾ, ಮಾಲೆ ಸುತ್ತಿ ಮೇ ತಿಂಗಳಲ್ಲಿ ಹಡಗು ಕೊಚ್ಚಿಗೆ ವಾಪಸ್ ಬಂತು. ಬೇರೆ ದೇಶದವರನ್ನು ಅತಿಥಿಗಳ ಹಾಗೆ ಕೂರಿಸದೆ, ನಮ್ಮ ಹುಡುಗರ ಜೊತೆ ಕಾವಲಿಗೆ ನಿಲ್ಲಿಸಿದ್ದು ನನಗೆ ತುಂಬಾ ಹಿಡಿಸಿತು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮುಂದೆ ಬರೆಯುವುದನ್ನು ಓದಿ, ಈ ಮುದುಕನಿಗೆ ಬರೀ ಗೊಣಗೋದೇ ಕೆಲಸ ಅಂತ ಯಾರೂ ಅಂದುಕೊಳ್ಳಬಾರದು ನೋಡಿ.

ಆ ಪ್ರಯಾಣದ ಯೋಜನೆಗೆ 'ಐಒಎಸ್ ಸಾಗರ್' ಅಂತ ಹೆಸರು. 2015ರಲ್ಲಿ ಪ್ರಧಾನಿಯವರು ಮಾರಿಷಸ್‌ನಲ್ಲಿ ಹೇಳಿದ ಮಾತು ಅದು. ಈ ಪ್ರದೇಶದ ಎಲ್ಲರಿಗೂ ಭದ್ರತೆ, ಬೆಳವಣಿಗೆ ಅನ್ನುವ ಅರ್ಥದ ಐದು ಇಂಗ್ಲಿಷ್ ಪದಗಳ ಮೊದಲ ಅಕ್ಷರ ಸೇರಿಸಿ ಕಟ್ಟಿದ ಹೆಸರು 'ಸಾಗರ್'. ನಮ್ಮ ಕೃಷ್ಣರಾಜ ಸಾಗರಕ್ಕೆ ಆ ತೊಂದರೆ ಇಲ್ಲ, ಅದರ ತುಂಬ ಬರೀ ನೀರು.

ಬಾವುಟ ತೋರಿಸಿದ ಸುದ್ದಿ ನಾನು ನೋಡಿದ್ದು ನಮ್ಮ ಬೀದಿಯ ಟೀ ಅಂಗಡಿಯಲ್ಲಿ, ಮೊಬೈಲ್‌ನಲ್ಲಿ. ಅಂಗಡಿಯವನು ನಮ್ಮ ಕಡೆಯವನೇ, ಮದ್ದೂರಿನವನು. ಅವನೂ ಬಗ್ಗಿ ನೋಡಿದ.

"ಅಲ್ಲಾ ಸಾರ್, ನಮ್ಮೂರಲ್ಲಿ ಕಬ್ಬಿನ ಬಾಕಿಗೆ ವರ್ಷಗಟ್ಲೆ ಅಲೀಬೇಕು. ಆಫ್ರಿಕಾದವ್ರಿಗೆ ಹಡಗು ಹತ್ತೋದ್ ಕಲ್ಸೋಕೆ ಮಾತ್ರ ಕಾಸಿದ್ಯಾ?"

ತಮಾಷೆಗೆ ಕೇಳಿದ ಪ್ರಶ್ನೆ ಅಲ್ಲ ಅದು. ಮೈಸೂರು, ಮಂಡ್ಯದ ಮಟ್ಟಿಗೆ ಸಮುದ್ರ ಅಂದರೆ ಘಾಟಿ ಇಳಿದ ಮೇಲೆ ಸಿಗುವ ಪ್ರವಾಸದ ಜಾಗ. ಹಾಗಾಗಿ ತಮಗೆ ಬರೆಯುವುದಕ್ಕಿಂತ ಮುಂಚೆ ಅವನಿಗೆ ಉತ್ತರ ಹೇಳಬೇಕಾಯಿತು. ಹೇಳಿದ್ದು ಇಷ್ಟು.

ನಿಮ್ಮಣ್ಣ ಕಬ್ಬಿಗೆ ಹಾಕುವ ಪೊಟ್ಯಾಷ್ ಇದೆಯಲ್ಲ, ಅದು ಹೆಚ್ಚೂಕಡಿಮೆ ಪೂರ್ತಿ ಹೊರದೇಶದಿಂದ ಬರುವುದು. ಜೋರ್ಡಾನಿನಿಂದ ಬಂದರೆ ಕೆಂಪು ಸಮುದ್ರ ದಾಟಿಯೇ ಬರಬೇಕು. 2023ರ ನವೆಂಬರ್‌ನಿಂದ ಯೆಮೆನ್‌ನ ಹೂತಿ ಬಂಡುಕೋರರು ಅಲ್ಲಿ ಹಡಗುಗಳ ಮೇಲೆ ಕ್ಷಿಪಣಿ, ಡ್ರೋನ್ ಬಿಡೋಕೆ ಶುರು ಮಾಡಿದರು. ದೊಡ್ಡ ದೊಡ್ಡ ಕಂಪನಿಗಳ ಹಡಗುಗಳು ಆ ದಾರಿ ಬಿಟ್ಟು ಇಡೀ ಆಫ್ರಿಕಾ ಸುತ್ತಿ ಹೋದವು. ಬಾಡಿಗೆ ಏರಿತು, ದಿನ ಜಾಸ್ತಿಯಾಯಿತು. ಅದೇ ವರ್ಷ ಡಿಸೆಂಬರ್ 23ರಂದು ಕೆಮ್ ಪ್ಲೂಟೊ ಅನ್ನುವ ಹಡಗಿಗೆ ಗುಜರಾತ್ ತೀರದಾಚೆ ಡ್ರೋನ್ ಬಡಿಯಿತು. ಆ ಹಡಗು ಎಲ್ಲಿಗೆ ಬರುತ್ತಿತ್ತು ಗೊತ್ತಾ? ಮಂಗಳೂರಿಗೆ. ಕಚ್ಚಾ ತೈಲ ತುಂಬಿಕೊಂಡು. ಒಳಗಿದ್ದವರಲ್ಲಿ ಹೆಚ್ಚಿನವರು ನಮ್ಮವರೇ.

ಹೂತಿಗಳಿಗೆ ಆಯುಧ ಕೊಡಬಾರದು ಅಂತ ವಿಶ್ವಸಂಸ್ಥೆಯ ಭದ್ರತಾ ಮಂಡಳಿ 2015ರಲ್ಲೇ ನಿರ್ಣಯ ಮಾಡಿದೆ. ಆದರೂ ಹೋಗುತ್ತಿದೆ, ಅದೂ ಮೀನಿನ ದೋಣಿಯಂತೆ ಕಾಣುವ ಮರದ ದೋಣಿಗಳಲ್ಲಿ. 2023ರ ಜನವರಿಯಲ್ಲಿ ಒಮನ್ ಕೊಲ್ಲಿಯಲ್ಲಿ ಅಮೆರಿಕದವರು ಹಿಡಿದ ಒಂದೇ ದೋಣಿಯಲ್ಲಿ ಎರಡು ಸಾವಿರಕ್ಕೂ ಹೆಚ್ಚು ಎಕೆ-47 ಇದ್ದವು.

ಅಂಗಡಿಯವನು ಸ್ವಲ್ಪ ಹೊತ್ತು ಸುಮ್ಮನಿದ್ದು, "ಅಂದ್ರೆ ಅವ್ರ ದೋಣೀಲಿ ಬಂದೂಕ ಹೋದ್ರೆ ನಮ್ಮ ಗೊಬ್ಬರದ ಚೀಲಕ್ಕೆ ರೇಟು ಅನ್ನಿ" ಅಂದ. ಇದಕ್ಕಿಂತ ಚೆನ್ನಾಗಿ ಹೇಳೋಕೆ ನನಗೂ ಬರುವುದಿಲ್ಲ.

ಅವನಿಗೆ ಹೇಳದೇ ಬಿಟ್ಟ ಮಾತೂ ಇದೆ. ಅದು ತಮಗೆ ಚೆನ್ನಾಗಿ ಗೊತ್ತು. 1993ರ ಮುಂಬೈ ಸ್ಫೋಟದ ಸಾಮಾನು ಇಳಿದದ್ದು ರಾಯಗಡ ಜಿಲ್ಲೆಯ ಸಣ್ಣ ದಕ್ಕೆಗಳಲ್ಲಿ. 257 ಜನ ಸತ್ತರು. 2008ರಲ್ಲಿ ಮುಂಬೈ ಮೇಲೆ ದಾಳಿ ಮಾಡಿದ ಹತ್ತು ಜನ ಬಂದದ್ದು ನಮ್ಮದೇ 'ಕುಬೇರ್' ಅನ್ನುವ ಮೀನಿನ ದೋಣಿಯನ್ನು ಕಿತ್ತುಕೊಂಡು. 2004ರಲ್ಲಿ ಬಾಂಗ್ಲಾದೇಶದ ಚಿತ್ತಗಾಂಗಿನಲ್ಲಿ ಟ್ರಾಲರ್‌ಗಳಿಂದ ಇಳಿಸಿದ ಹತ್ತು ಲಾರಿ ಆಯುಧ ಸಿಕ್ಕಿತು. ಅದು ಅಸ್ಸಾಂನ ಉಲ್ಫಾ ಬಂಡುಕೋರರಿಗೆ ಅಂತ ಹೊರಟಿದ್ದು. 2021ರ ಮಾರ್ಚ್‌ನಲ್ಲಿ ನಮ್ಮ ಕೋಸ್ಟ್ ಗಾರ್ಡ್‌ನವರು 'ರವಿಹಂಸಿ' ಅನ್ನುವ ಶ್ರೀಲಂಕಾದ ದೋಣಿ ಹಿಡಿದಾಗ 300 ಕಿಲೋ ಹೆರಾಯಿನ್ ಜೊತೆ 5 ಎಕೆ-47, 1000 ಗುಂಡು ಸಿಕ್ಕವು. ಎಲ್ಲವೂ ಸಣ್ಣ ದೋಣಿಗಳೇ.

ಇದನ್ನು ನಾವೊಬ್ಬರೇ ತಡೆಯೋಕೆ ಆಗುತ್ತಾ? ಸೆಶೆಲ್ಸ್ ದೇಶವನ್ನೇ ತೆಗೆದುಕೊಳ್ಳಿ. ಅಲ್ಲಿನ ಜನ ಸುಮಾರು ಒಂದು ಲಕ್ಷ. 2011ರ ಗಣತಿಯಲ್ಲಿ ನಮ್ಮ ಮಂಡ್ಯ ನಗರದಲ್ಲೇ ಅದಕ್ಕಿಂತ ಜಾಸ್ತಿ ಜನ ಇದ್ದರು. ಆದರೆ ಅವರು ಕಾಯಬೇಕಾದ ಸಮುದ್ರ 13 ಲಕ್ಷ ಚದರ ಕಿಲೋಮೀಟರಿಗೂ ಹೆಚ್ಚು. ಸುಮಾರು ಏಳು ಕರ್ನಾಟಕ. ಮಂಡ್ಯ ಪೇಟೆಯ ಜನಕ್ಕೆ ಏಳು ಕರ್ನಾಟಕ ಕಾಯಿರಿ ಅಂದ ಹಾಗಾಯಿತು. ನಾವು ಅವರಿಗೆ ಗಸ್ತು ಹಡಗು ಕೊಟ್ಟಿದ್ದೇವೆ, ಮಾಲ್ಡೀವ್ಸ್‌ಗೂ ಕೊಟ್ಟಿದ್ದೇವೆ. ಒಳ್ಳೆಯದೇ. ಆದರೆ ದೋಣಿಯೊಳಗೆ ಬಂದೂಕು ಹುಡುಕುವುದು ಹಡಗಲ್ಲ, ಏಣಿ ಹತ್ತಿ ಒಳಗೆ ಹೋದ ಹುಡುಗ.

ಆ ಏಣಿಯ ಮಾತು ಸ್ವಲ್ಪ ಹೇಳಬೇಕು. ಹೊರಗಿನವರಿಗೆ ಅದು ಸಿನಿಮಾದ ಹಾಗೆ ಕಾಣುತ್ತದೆ.

ಜೆಮಿನಿ ಒಂದು ಅಲೆಗೆ ಮೇಲೆದ್ದಾಗ ಆ ದೋಣಿ ಇನ್ನೊಂದು ಅಲೆಗೆ ಕೆಳಗಿಳಿದಿರುತ್ತದೆ. ಎರಡೂ ಒಂದೇ ಮಟ್ಟಕ್ಕೆ ಬರುವ ಹೊತ್ತು ಅಂದರೆ ಕಣ್ಣು ಮಿಟುಕಿಸುವಷ್ಟು. ಆಗಲೇ ಏಣಿ ಹಿಡಿಯಬೇಕು. ಬೇಗ ಹಿಡಿದರೆ ಕಾಲು ಎರಡು ದೋಣಿಯ ಮಧ್ಯೆ ಸಿಕ್ಕಿಕೊಳ್ಳುತ್ತದೆ. ತಡವಾದರೆ ಕೈಯಲ್ಲಿ ನೇತಾಡಬೇಕು. ಮೈಮೇಲೆ ಗುಂಡು ತಡೆಯುವ ಜಾಕೆಟ್, ಬಂದೂಕು, ವಾಕಿಟಾಕಿ, ನೀರು. 2024ರ ಜನವರಿ 11ರ ರಾತ್ರಿ ಸೊಮಾಲಿಯಾ ತೀರದಾಚೆ ಅಮೆರಿಕದ ಸೀಲ್ ಅನ್ನುವ ನೌಕಾ ಕಮಾಂಡೊ ಪಡೆಯವರು ಆಯುಧ ಸಾಗಿಸುತ್ತಿದ್ದ ದೋಣಿ ಹತ್ತುವಾಗ ಒಬ್ಬ ಜಾರಿ ಬಿದ್ದ. ಅವನನ್ನು ಹಿಡಿಯೋಕೆ ಇನ್ನೊಬ್ಬ ಹಾರಿದ. ಇಬ್ಬರೂ ಮುಳುಗಿದರು. ಒಂದು ನಿಮಿಷವೂ ಆಗಿರಲಿಲ್ಲ. ಮೈಮೇಲಿನ ಭಾರಕ್ಕೆ ತೇಲುವ ಸಾಮಾನು ಸಾಕಾಗಲಿಲ್ಲ, ತರಬೇತಿಯಲ್ಲೂ ಕೊರತೆ ಇತ್ತು ಅಂತ ಅವರದೇ ತನಿಖೆ ಹೇಳಿತು. ಜಗತ್ತಿನಲ್ಲೇ ಗಟ್ಟಿ ಅಂತ ಹೆಸರಾದವರ ಕಥೆ ಇದು. ನಮ್ಮ ಶಿಬಿರಗಳಿಗೆ ಬರುವ ಕೆಲವು ಹುಡುಗರಿಗೆ ಊರಲ್ಲಿ ಮೈ ಅಳತೆಗೆ ಸರಿಹೋಗುವ ಲೈಫ್ ಜಾಕೆಟ್ ಕೂಡ ಇರುವುದಿಲ್ಲ.

ಹತ್ತಿದ ಮೇಲೆ ನಿಜವಾದ ಕೆಲಸ. ನಾವು ತರಬೇತಿಗೆ ಒಂದು ಹಳೆಯ ಮೀನಿನ ದೋಣಿ ಇಟ್ಟುಕೊಂಡಿದ್ದೆವು. ಯಾವ ಊರು, ಯಾವ ಕೇಂದ್ರ ಅನ್ನುವುದು ಬೇಡ. ಅದರಲ್ಲಿ ಮರದ ಡಮ್ಮಿ ಬಂದೂಕು ಬಚ್ಚಿಡುತ್ತಿದ್ದೆವು. ಮಂಜುಗಡ್ಡೆಯ ಕೆಳಗೆ, ನೀರಿನ ಟ್ಯಾಂಕಿನೊಳಗೆ, ಡೀಸೆಲ್ ಟ್ಯಾಂಕಿನ ಹಿಂದೆ ಎರಡನೇ ತಗಡು ಹೊಡೆದು. ನಾನು ಹುಡುಗರಿಗೆ ಮೊದಲು ಕೊಡುತ್ತಿದ್ದದ್ದು ಟೈಲರ್ ಟೇಪು. ಕೋಣೆಯನ್ನು ಹೊರಗಿನಿಂದ ಅಳೆಯಿರಿ, ಒಳಗಿನಿಂದ ಅಳೆಯಿರಿ. ಎರಡಕ್ಕೂ ಅರ್ಧ ಅಡಿ ವ್ಯತ್ಯಾಸ ಬಂತಾ, ಗೋಡೆ ಸುಳ್ಳು. ಹಳೇ ಹಲಗೆಗೆ ಹೊಸ ಸ್ಕ್ರೂ ಇದೆಯಾ? ಒಂದು ಕಡೆ ಮಾತ್ರ ಬಣ್ಣ ಹಸಿಯಾಗಿದೆಯಾ? ಗೆಣ್ಣಿನಿಂದ ತಟ್ಟಿ. ಅಂಗಡಿಯಲ್ಲಿ ತೆಂಗಿನಕಾಯಿ ತಟ್ಟಿ ತಗೊಳ್ಳಲ್ವಾ, ಹಾಗೆ.

ಒಂದು ಬ್ಯಾಚಿನಲ್ಲಿ ಒಂದು ದ್ವೀಪ ದೇಶದ ಹುಡುಗ ಬಂದಿದ್ದ. ಇಪ್ಪತ್ತೆರಡು, ಇಪ್ಪತ್ಮೂರು ವಯಸ್ಸಿರಬಹುದು. ಇಂಗ್ಲಿಷ್ ಅಷ್ಟಕ್ಕಷ್ಟೇ. ತರಗತಿಯಲ್ಲಿ ಕೊನೆಯ ಬೆಂಚು. ಆ ದಿನ ಉಳಿದವರೆಲ್ಲ ಟಾರ್ಚು ಹಿಡಿದು ಕೆಳಗೆ ಇಳಿದರು. ಇವನು ಮಾತ್ರ ಮೇಲೆ, ರಾಶಿ ಹಾಕಿದ್ದ ಬಲೆಯ ಮುಂದೆ ಕುಕ್ಕರುಗಾಲಿನಲ್ಲಿ ಕೂತ. ಬಲೆಯನ್ನು ಬೆರಳಲ್ಲಿ ಉಜ್ಜಿದ. ಉಪ್ಪು ಒಣಗಿ ಪುಡಿ ಉದುರಿತು. ಎದ್ದು ಹೋಗಿ ಪೆಟ್ಟಿಗೆಯ ಮೀನಿನ ಕಿವಿರು ಎತ್ತಿ ನೋಡಿದ. ಆಮೇಲೆ ನನ್ನ ಹತ್ತಿರ ಬಂದು ಹರಕು ಇಂಗ್ಲಿಷಿನಲ್ಲಿ ಕೇಳಿದ: ಬಲೆ ನೀರಿಗೆ ಬಿದ್ದು ವಾರ ಆಗಿದೆ, ಮೀನು ನಿನ್ನೆಯದು, ಇದು ಯಾರ ಮೀನು?

ಅದು ನಾವು ಬೇಕಂತ ಮಾಡಿದ್ದಲ್ಲ. ಮೀನು ಬೆಳಿಗ್ಗೆ ಮಾರ್ಕೆಟ್ಟಿನಿಂದ ತಂದು ತುಂಬಿದ್ದೆವು, ಬಲೆ ಗೋಡೌನಿನಿಂದ ತಂದದ್ದು. ನಮ್ಮದೇ ಎಡವಟ್ಟು. ಆದರೆ ನಿಜವಾದ ಸಮುದ್ರದಲ್ಲಾಗಿದ್ದರೆ, ಆ ದೋಣಿ ಮೀನು ಹಿಡಿಯೋಕೆ ಹೋದದ್ದಲ್ಲ ಅಂತ ಅವನಿಗೆ ಎರಡು ನಿಮಿಷದಲ್ಲಿ ಗೊತ್ತಾಗುತ್ತಿತ್ತು. ಇನ್ನೊಂದು ದೋಣಿಯವರಿಂದ ಮೀನು ಕೊಂಡು ಮೇಲೆ ಹರಡಿಕೊಂಡಿದ್ದಾರೆ ಅಂತ. ಅವನಪ್ಪ ಮೀನುಗಾರನಂತೆ. ಇಪ್ಪತ್ತು ವರ್ಷ ಹಲಗೆ ತಟ್ಟಿದ ನನಗೆ ಒಂದು ದಿನವೂ ಬಲೆ ಮುಟ್ಟಿ ನೋಡಬೇಕು ಅನಿಸಿರಲಿಲ್ಲ. ನಾಲೆ ನೀರಿನವನಿಗೆ ಅದು ಹೊಳೆಯಬೇಕಾದರೂ ಹೇಗೆ?

ಸಾರ್, ನನ್ನ ಒಂದು ಕೋರಿಕೆ ಇಲ್ಲೇ ಹುಟ್ಟಿದ್ದು. ಈ ತರಬೇತಿಗೆ ಮೀನುಗಾರರನ್ನು ಮೇಷ್ಟ್ರಾಗಿ ಕರೆಯಿರಿ. ಮಲ್ಪೆ, ಕಾರವಾರ, ಹೊನ್ನಾವರದ ದಕ್ಕೆಗಳಲ್ಲಿ ಬಲೆ, ಮಂಜುಗಡ್ಡೆ, ಮೀನು, ದೋಣಿ ಕೂತ ಮಟ್ಟ ಇವನ್ನೆಲ್ಲ ಒಂದೇ ನೋಟಕ್ಕೆ ಓದುವ ತಾಂಡೇಲರಿದ್ದಾರೆ (ಮೀನಿನ ದೋಣಿ ನಡೆಸುವ ಮುಖ್ಯಸ್ಥರು). ದಿನಕ್ಕೆ ಇಷ್ಟು ಅಂತ ಸಂಭಾವನೆ ಕೊಡಿ, ಶಾಲು ಹೊದಿಸಿ ಕಳಿಸಬೇಡಿ. ಕಾರವಾರದ ನೌಕಾನೆಲೆಯ ಗೋಡೆಯ ಪಕ್ಕದಲ್ಲೇ ಇಂಥ ವಿದ್ಯೆ ಇದೆ.

ಮೀನುಗಾರರನ್ನು ಕರೆಯಿರಿ ಅನ್ನೋಕೆ ಇನ್ನೊಂದು ಕಾರಣವೂ ಇದೆ. 2012ರ ಫೆಬ್ರವರಿಯಲ್ಲಿ ಕೇರಳದ ತೀರದಾಚೆ ಎನ್ರಿಕಾ ಲೆಕ್ಸಿ ಅನ್ನುವ ಇಟಲಿಯ ಹಡಗಿನಲ್ಲಿದ್ದ ಯೋಧರು ನಮ್ಮ ಇಬ್ಬರು ಮೀನುಗಾರರನ್ನು ಗುಂಡಿಟ್ಟು ಕೊಂದರು. ಕಡಲ್ಗಳ್ಳರು ಅಂದುಕೊಂಡೆವು ಅಂದರು. ಬಂದೂಕು ಹಿಡಿದವನಿಗೆ ಎಲ್ಲ ಸಣ್ಣ ದೋಣಿಯೂ ಒಂದೇ ಥರ ಕಾಣೋಕೆ ಶುರುವಾದರೆ ಹೀಗಾಗುತ್ತದೆ. ಅರಬ್ಬಿ ಸಮುದ್ರದಲ್ಲಿ ನೂರು ದೋಣಿ ನಿಲ್ಲಿಸಿದರೆ ತೊಂಬತ್ತೊಂಬತ್ತರಲ್ಲಿ ಇರುವುದು ಮೀನು, ಬಾಯಾರಿದ ಜನ, ಹಳೇ ಎಂಜಿನ್ನು. ಆ ತೊಂಬತ್ತೊಂಬತ್ತು ಜನ ನಾಳೆ ನಮಗೆ ಸುದ್ದಿ ಕೊಡಬೇಕಾದವರು. ಮೊದಲ ಸಲವೇ ಅವರ ಅಡುಗೆ ಪಾತ್ರೆ ಒದ್ದು ಚೆಲ್ಲಿದರೆ ಸುದ್ದಿ ಯಾರು ಕೊಡುತ್ತಾರೆ?

ಒಂದು ಸಲ ಹೀಗಾಯಿತು. ಧೋ ಅನ್ನುತ್ತಾರಲ್ಲ, ಆ ಥರದ ಮರದ ದೋಣಿ ಹತ್ತಿದೆವು. ಒಂಬತ್ತು ಜನ ಇದ್ದರು. ಕೈ ಮೇಲೆತ್ತಿ ಅಂತ ಇಂಗ್ಲಿಷಿನಲ್ಲಿ ಕೂಗಿದೆವು, ಹಿಂದಿಯಲ್ಲಿ ಕೂಗಿದೆವು. ಎಂಟು ಜನ ಎತ್ತಿದರು. ಒಬ್ಬ ಮುದುಕ ಕೈ ಕೆಳಗೇ ಇಟ್ಟುಕೊಂಡು ಏನೋ ಹೇಳುತ್ತಲೇ ಇದ್ದ. ನಮ್ಮ ಒಬ್ಬ ಹುಡುಗನ ಬೆರಳು ಟ್ರಿಗರ್ ಹತ್ತಿರ ಹೋಗಿತ್ತು. ಕೊನೆಗೆ ಸನ್ನೆಯಲ್ಲಿ ತಿಳಿಯಿತು. ಮುದುಕನ ಭುಜ ಇಳಿದುಹೋಗಿ ಹತ್ತು ದಿನ ಆಗಿತ್ತು, ಕೈ ಮೇಲೆ ಬರುತ್ತಲೇ ಇರಲಿಲ್ಲ. "ನಿಮ್ಮಲ್ಲಿ ಯಾರಿಗಾದರೂ ಹುಷಾರಿಲ್ಲವಾ?" ಅಂತ ಅವರ ಬಲೂಚಿ ಭಾಷೆಯಲ್ಲಿ ಕೇಳೋಕೆ ಬಂದಿದ್ದರೆ ಆ ಎರಡು ನಿಮಿಷ ಇರುತ್ತಿರಲಿಲ್ಲ. ಆಮೇಲೆ ಅವರೇ ಟೀ ಕೊಟ್ಟರು. ದೋಣಿಯಲ್ಲಿ ಏನೂ ಸಿಗಲಿಲ್ಲ.

ಭಾಷೆ ಅನ್ನುವಾಗ ನನಗೆ ನಮ್ಮ ಊರೇ ನೆನಪಾಗುತ್ತದೆ. ಮಾನಸಗಂಗೋತ್ರಿಯಲ್ಲಿ ಭಾರತೀಯ ಭಾಷಾ ಸಂಸ್ಥಾನ ಇದೆ, 1969ರಿಂದ. ದೊಡ್ಡವರಿಗೆ ಹೊಸ ಭಾಷೆಯನ್ನು ಬೇಗ ಕಲಿಸುವುದು ಹೇಗೆ ಅನ್ನುವುದೇ ಅವರ ಕಸುಬು. ಅವರದು ನಮ್ಮ ದೇಶದ ಭಾಷೆಗಳು ಸರಿ. ಆದರೆ ಬರೀ ನಲವತ್ತು ವಾಕ್ಯದ ಒಂದು ಜೇಬು ಪುಸ್ತಕ, ಜೊತೆಗೆ ಮೊಬೈಲಿನಲ್ಲಿ ಕೇಳುವ ಧ್ವನಿ, ಇಷ್ಟು ಮಾಡೋಕೆ ಅವರ ಅನುಭವ ಬಳಸಿಕೊಳ್ಳಬಹುದಲ್ಲ. ಸಿದ್ಧಾರ್ಥನಗರದ ಡಿಎಫ್‌ಆರ್‌ಎಲ್‌ನಲ್ಲಿ ಸೈನಿಕರ ಊಟದ ಮೇಲೆ ಸಂಶೋಧನೆ ಮಾಡಿ ಪ್ಯಾಕೆಟ್ ಊಟ ಕೊಟ್ಟ ಊರು ನಮ್ಮದು. ಹೊಟ್ಟೆಗೆ ಕೊಟ್ಟವರು ನಾಲಿಗೆಗೂ ಕೊಡಬಹುದು.

ಈಗ ಕಾನೂನು. ಇದು ಬೇಜಾರಿನ ವಿಷಯ, ತರಗತಿಯಲ್ಲಿ ಎಲ್ಲರಿಗೂ ನಿದ್ದೆ ಬರುತ್ತಿತ್ತು. ಆದರೆ ಕೇಸು ಬಿದ್ದುಹೋಗುವುದು ಇಲ್ಲೇ. ತೀರದಿಂದ 12 ನಾಟಿಕಲ್ ಮೈಲಿವರೆಗೆ ಆ ದೇಶದ್ದೇ ಅಧಿಕಾರ. 24ರವರೆಗೆ ಕಸ್ಟಮ್ಸ್ ಥರದ ಕೆಲವು ಹಿಡಿತ. 200ರವರೆಗೆ ಮೀನು, ತೈಲದಂಥ ಸಂಪತ್ತಿನ ಹಕ್ಕು, ಪೊಲೀಸ್ ಅಧಿಕಾರ ಅಲ್ಲ. ಅದರಾಚೆ ತೆರೆದ ಸಮುದ್ರ. ಅಲ್ಲಿ ಇನ್ನೊಂದು ದೇಶದ ಬಾವುಟ ಹಾರಿಸುವ ಹಡಗನ್ನು ಸುಮ್ನೆ ಹತ್ತುವ ಹಾಗಿಲ್ಲ. 1982ರ ಕಡಲ ಕಾನೂನು ಒಪ್ಪಂದದ 110ನೇ ಕಲಮಿನಲ್ಲಿ ಯಾವಾಗ ಹತ್ತಬಹುದು ಅಂತ ಪಟ್ಟಿ ಇದೆ: ಕಡಲ್ಗಳ್ಳತನ, ಗುಲಾಮರ ಸಾಗಣೆ, ಅನುಮತಿ ಇಲ್ಲದ ರೇಡಿಯೊ ಪ್ರಸಾರ, ಯಾವ ದೇಶದ್ದೂ ಅಲ್ಲದ ಹಡಗು, ಹೀಗೆ. ಕಳ್ಳ ಬಂದೂಕು ಆ ಪಟ್ಟಿಯಲ್ಲಿ ಇಲ್ಲ. ಹಳೇ ರೇಡಿಯೊ ಇದೆ, ಬಂದೂಕಿಲ್ಲ! ಅದಕ್ಕೇ ಹೆಚ್ಚಿನ ಸಲ ನಾವು ಹಿಡಿಯುವ ಎಳೆ ಅಂದರೆ, ಈ ದೋಣಿಗೆ ಬಾವುಟ ಇದೆಯಾ, ಕಾಗದ ಇದೆಯಾ, ಇಲ್ಲದಿದ್ದರೆ ಇದು ಯಾರದ್ದೂ ಅಲ್ಲ ಅನ್ನುವುದು.

ನಮ್ಮ ಕಡೆಯ ಹಿರಿಯರಿಗೆ ಇದನ್ನು ವೀರಪ್ಪನ್ ಕಾಲ ನೆನಪಿಸಿ ಹೇಳಿದರೆ ಬೇಗ ಅರ್ಥವಾಗುತ್ತದೆ. ಪಾಲಾರ್ ಆಚೆ ತಮಿಳುನಾಡು, ಈಚೆ ಕರ್ನಾಟಕ. ಈ ಕಡೆ ಪೊಲೀಸರು ಬಂದರೆ ಆ ಕಡೆಗೆ, ಆ ಕಡೆಯವರು ಬಂದರೆ ಈ ಕಡೆಗೆ. ಎರಡೂ ರಾಜ್ಯದ ಕಾರ್ಯಪಡೆಗಳು ಕೈ ಜೋಡಿಸಿದರೂ 2004ರ ಅಕ್ಟೋಬರ್‌ವರೆಗೆ ಎಳೆಯಿತು. ಅಲ್ಲಿ ಇದ್ದದ್ದು ಎರಡೇ ರಾಜ್ಯ, ಒಂದೇ ದೇಶ, ಒಂದೇ ಕಾನೂನು. ಸಮುದ್ರದಲ್ಲಿ ದೋಣಿ ಒಂದು ದೇಶದ್ದು, ದೋಣಿಯವರು ಇನ್ನೊಂದು ದೇಶದವರು, ಮಾಲು ಮೂರನೆಯದ್ದು, ಹಿಡಿದವರು ನಾಲ್ಕನೆಯವರು. ಮಾಲನ್ನು ಸಮುದ್ರದಲ್ಲೇ ನಾಶಮಾಡಿ ದೋಣಿಯವರನ್ನು ಬಿಟ್ಟು ಕಳಿಸಿದ್ದು ಎಷ್ಟೋ ಸಲ ನಡೆದಿದೆ, ಯಾಕೆಂದರೆ ಯಾವ ಕೋರ್ಟಿಗೆ ಒಪ್ಪಿಸಬೇಕು ಅನ್ನುವುದೇ ತೀರ್ಮಾನ ಆಗಿರುವುದಿಲ್ಲ. ನಾವು 2022ರಲ್ಲಿ ಕಡಲ್ಗಳ್ಳತನಕ್ಕೆ ಪ್ರತ್ಯೇಕ ಕಾನೂನು ಮಾಡಿಕೊಂಡಿದ್ದರಿಂದಲೇ 2024ರಲ್ಲಿ ರುಯೆನ್ ಹಡಗಿನಿಂದ ಹಿಡಿದ 35 ಸೊಮಾಲಿ ಕಡಲ್ಗಳ್ಳರನ್ನು ಮುಂಬೈಗೆ ತಂದು ಪೊಲೀಸರಿಗೆ ಒಪ್ಪಿಸೋಕೆ ಸಲೀಸಾಯಿತು. ನಮ್ಮಲ್ಲಿ ಕಲಿಯೋಕೆ ಬರುವ ದೇಶಗಳ ವಕೀಲರನ್ನೂ ಒಂದಿಬ್ಬರನ್ನು ನಾವಿಕರ ಜೊತೆ ಕರೆಸಿ. ಬಂದೂಕು ಸಿಕ್ಕ ಜಾಗದ ಅಕ್ಷಾಂಶ ರೇಖಾಂಶ, ಸಿಕ್ಕ ಹೊತ್ತು, ಮುಟ್ಟುವ ಮುಂಚಿನ ವಿಡಿಯೊ, ಪ್ರತಿ ಬಂದೂಕಿನ ಮೇಲಿನ ನಂಬರು. ಆ ನಂಬರು ಉಜ್ಜಿಹೋಗದಿದ್ದರೆ ಯಾವ ಕಾರ್ಖಾನೆಯಿಂದ ಹೊರಟಿದ್ದು ಅನ್ನುವುದಕ್ಕೂ ದಾರಿ ಸಿಗುತ್ತದೆ. ನಮ್ಮ ಹುಡುಗರು ಬಂದೂಕನ್ನು ರಾಶಿ ಹಾಕಿ ಪಕ್ಕದಲ್ಲಿ ನಿಂತು ಫೋಟೊ ತೆಗೆಸಿಕೊಳ್ಳುವುದರಲ್ಲಿ ಮುಂದು, ನಂಬರು ಬರೆದುಕೊಳ್ಳುವುದರಲ್ಲಿ ಹಿಂದು. ನಾನೂ ಹಾಗೇ ಇದ್ದೆ.

ಈಗ ನನ್ನ ಮುಖ್ಯ ದೂರಿಗೆ ಬರುತ್ತೇನೆ.

ಬಲೆ ನೋಡಿದ ಆ ಹುಡುಗ ಕೋರ್ಸ್ ಮುಗಿಸಿದ. ಎಲ್ಲರಿಗೂ ಸರ್ಟಿಫಿಕೇಟು, ಗುಂಪು ಫೋಟೊ, ದೊಡ್ಡ ಊಟ. ನಾನು ಊರಿಂದ ತರಿಸಿದ್ದ ಮೈಸೂರು ಸ್ಯಾಂಡಲ್ ಸೋಪಿನ ಪೆಟ್ಟಿಗೆ ಕೊಟ್ಟೆ. ವಾಟ್ಸ್ಆ್ಯಪ್ ನಂಬರು ಇಟ್ಟುಕೊಂಡೆವು. ಆರು ತಿಂಗಳು ಆಗಾಗ ಫೋಟೊ ಕಳಿಸುತ್ತಿದ್ದ. ಆಮೇಲೆ ಒಂದು ದಿನ ಬಂದ ಫೋಟೊದಲ್ಲಿ ಕಬ್ಬಿಣದ ಬೀರು, ರಟ್ಟಿನ ಡಬ್ಬ, ಮುಂದೆ ಮೇಜು. ಏನಪ್ಪಾ ಇದು ಅಂತ ಕೇಳಿದೆ. ಸ್ಟೋರಿಗೆ ಹಾಕಿದ್ದಾರೆ ಅಂದ. ಗಸ್ತು ದೋಣಿಯ ಎಂಜಿನ್ನಿಗೆ ಒಂದು ಬಿಡಿಭಾಗ ಬೇಕಿತ್ತಂತೆ, ಬರಲಿಲ್ಲ. ದೋಣಿ ದಡದಲ್ಲಿ ನಿಂತಿದೆ. ದೋಣಿ ಇಲ್ಲದ ಮೇಲೆ ಬೋರ್ಡಿಂಗ್ ಪಾರ್ಟಿ ಯಾಕೆ? ಇವನಿಗೆ ಲೆಕ್ಕ ಬರೆಯೋಕೆ ಬರುತ್ತೆ, ಸ್ಟೋರಿಗೆ ಹಾಕಿ ಅಂದರಂತೆ. ಮುಂದಿನ ವರ್ಷ ಅದೇ ದೇಶದಿಂದ ನಮ್ಮ ಕೋರ್ಸಿಗೆ ಬೇರೆ ಇಬ್ಬರು ಹೊಸ ಹುಡುಗರು ಬಂದರು. ಮೊದಲ ಪಾಠದಿಂದ ಶುರು. ಹಗ್ಗದ ಏಣಿ ಅಂದರೆ ಏನು.

ಇದು ಆ ಒಂದು ದೇಶದ ತಪ್ಪಲ್ಲ, ಅದಕ್ಕೇ ಹೆಸರು ಹೇಳುತ್ತಿಲ್ಲ. ನಮ್ಮ ಕಡೆಯೂ ಹೋದವರು ಏನಾದರು ಅಂತ ಯಾರೂ ಕೇಳಲಿಲ್ಲ. ನಾನು ಮೇಲಿನವರ ಹತ್ತಿರ ಕೇಳಿದೆ. "ಎಷ್ಟು ಜನಕ್ಕೆ ತರಬೇತಿ ಕೊಟ್ಟಿದ್ದೀವಿ ಅನ್ನೋ ಕಾಲಂ ಇದೆ, ಎಷ್ಟು ಜನ ಈಗಲೂ ಸಮುದ್ರದಲ್ಲಿದ್ದಾರೆ ಅನ್ನೋ ಕಾಲಂ ಇಲ್ಲವಲ್ಲಯ್ಯಾ" ಅಂದರು. ಒಳ್ಳೆಯವರೇ, ಬೇಜಾರಿನಿಂದಲೇ ಅಂದರು.

ಶ್ರೀರಂಗಪಟ್ಟಣದ ಕಡೆ ಹೋದಾಗಲೆಲ್ಲ ನನಗೆ ಟಿಪ್ಪುವಿನ ಹಡಗುಪಡೆ ನೆನಪಾಗುತ್ತದೆ. ಸಮುದ್ರವೇ ಇಲ್ಲದ ಊರಲ್ಲಿ ಕೂತು 1796ರಲ್ಲಿ ದೊಡ್ಡ ನೌಕಾಪಡೆಯ ಯೋಜನೆ ಮಾಡಿಸಿದ. ಮೂರು ವರ್ಷಕ್ಕೆ ಕೋಟೆಯೇ ಬಿತ್ತು. ಯೋಜನೆಯಲ್ಲಿದ್ದ ಆ ದೊಡ್ಡ ಪಡೆ ಕೊನೆಗೂ ಸಮುದ್ರಕ್ಕೆ ಇಳಿಯಲಿಲ್ಲ. ಹೋಗಲಿ, ಅವನಿಗೆ ಸಮಯ ಸಿಗಲಿಲ್ಲ. ನಮಗೆ ಸಮಯ ಇದೆ.

ಹಾಗಾಗಿ ತಮ್ಮಲ್ಲಿ ಮುಖ್ಯವಾಗಿ ಕೇಳುವುದು ಇದು. ಮುಂದಿನ ಸಲ ಒಂದು ದೇಶದಿಂದ ಐದು ಜನರನ್ನು ಕರೆದರೆ, ಮೂರು ವರ್ಷ ಅದೇ ಐದು ಜನರನ್ನು ಕರೆಯಿರಿ. ಮೊದಲ ವರ್ಷ ಇಲ್ಲಿ ಕಲಿಯಲಿ. ಎರಡನೇ ವರ್ಷ ನಮ್ಮ ಇಬ್ಬರು ಅಲ್ಲಿಗೆ ಹೋಗಿ ಅವರ ದೋಣಿಯಲ್ಲಿ, ಅವರ ಸಮುದ್ರದಲ್ಲಿ, ಅವರ ಡೀಸೆಲ್ಲಿಗೆ ನಮ್ಮ ಕೈಯಿಂದ ಸ್ವಲ್ಪ ಸೇರಿಸಿ ಜೊತೆಗೆ ಗಸ್ತು ತಿರುಗಲಿ. ಮೂರನೇ ವರ್ಷ ಆ ಐದು ಜನ ತಮ್ಮ ದೇಶದ ಹೊಸಬರಿಗೆ ಕಲಿಸುವಾಗ ನಮ್ಮವರು ಹಿಂದಿನ ಬೆಂಚಿನಲ್ಲಿ ಕೂರಲಿ. ಒಪ್ಪಂದಕ್ಕೆ ಸಹಿ ಹಾಕುವಾಗಲೇ ಈ ಐದು ಜನರನ್ನು ಮೂರು ವರ್ಷ ಬೇರೆ ಕೆಲಸಕ್ಕೆ ಹಾಕಬಾರದು ಅಂತ ಬರೆಸಿ. ಹಡಗು ದಾನ ಕೊಡುವಾಗ ಬಿಡಿಭಾಗದ ಪೆಟ್ಟಿಗೆಯನ್ನೂ, ಅದನ್ನು ಜೋಡಿಸುವ ಒಬ್ಬ ಮೆಕ್ಯಾನಿಕ್ಕನ್ನೂ ಜೊತೆಗೆ ಕಳಿಸಿ. ಜನ ಕಡಿಮೆ ಆದರೂ ಪರವಾಗಿಲ್ಲ. 9 ದೇಶದ ಜಾಗದಲ್ಲಿ 4 ದೇಶ ಆಗಲಿ. ಫೋಟೊ ಸ್ವಲ್ಪ ಚಿಕ್ಕದಾಗುತ್ತದೆ, ಅಷ್ಟೇ.

ಇದು ಆಗದ ಕೆಲಸ ಅಲ್ಲ. 2025ರ ಜುಲೈನಲ್ಲಿ ಯೆಮೆನ್‌ನ ಸರ್ಕಾರದ ಪರ ಇರುವ ಸ್ಥಳೀಯ ಪಡೆಯವರೇ ಹೂತಿಗಳಿಗೆ ಹೊರಟಿದ್ದ 750 ಟನ್‌ಗೂ ಹೆಚ್ಚು ಆಯುಧ ಸಾಮಾನು ಹಿಡಿದರು ಅಂತ ಅಮೆರಿಕದ ಸೆಂಟ್ರಲ್ ಕಮಾಂಡ್ ಪ್ರಕಟಿಸಿತು. ಹಿಡಿದದ್ದು ದೂರದಿಂದ ಬಂದ ದೊಡ್ಡ ಯುದ್ಧನೌಕೆ ಅಲ್ಲ, ಅಲ್ಲೇ ಇರುವವರು. ಬಹರೇನ್‌ನಲ್ಲಿ ಕೇಂದ್ರ ಇರುವ ಬಹುದೇಶೀಯ ನೌಕಾಕೂಟದಲ್ಲಿ 2023ರಿಂದ ಬರೀ ತರಬೇತಿಗೆ ಅಂತಲೇ 154ನೇ ಕಾರ್ಯಪಡೆ ಇದೆ. ಅದೇ ವರ್ಷ ನಾವೂ ಆ ಕೂಟದ ಪೂರ್ಣ ಸದಸ್ಯರಾಗಲು ತೀರ್ಮಾನಿಸಿದೆವು. ಅವರ ಜೊತೆ ಕೂತು, ಯಾವ ದೇಶಕ್ಕೆ ಯಾರು ಏನು ಕಲಿಸುತ್ತಿದ್ದಾರೆ ಅಂತ ಒಂದು ಪಟ್ಟಿ ಮಾಡಿದರೆ, ಒಂದೇ ಹುಡುಗನಿಗೆ ಮೂರು ದೇಶದವರು ಅದೇ ಏಣಿ ಹತ್ತಿಸುವುದಾದರೂ ತಪ್ಪುತ್ತದೆ.

ಟೀ ಅಂಗಡಿಯವನು ಈ ಪತ್ರ ಓದಿದ. "ಸಾರ್, ಇಷ್ಟುದ್ದ ಮಂತ್ರಿಗಳು ಓದ್ತಾರಾ?" ಅಂದ. ಗೊತ್ತಿಲ್ಲ ಅಂದೆ.

ಜೊತೆಗೆ ಒಂದು ಹಾಳೆ ಇಟ್ಟಿದ್ದೇನೆ. ದೋಣಿ ಹತ್ತಿದ ಕೂಡಲೇ ಬೇಕಾಗುವ ನಲವತ್ತು ವಾಕ್ಯ. ಹೆದರಬೇಡಿ. ಕೈ ಕಾಣುವ ಹಾಗೆ ಇಡಿ. ಯಾರಿಗಾದರೂ ಹುಷಾರಿಲ್ಲವಾ? ಕೊನೆಯ ಬಂದರು ಯಾವುದು? ಬಲೆ ಯಾವಾಗ ಹಾಕಿದ್ದು? ಅರಬ್ಬಿ, ಸ್ವಾಹಿಲಿ, ಸಿಂಹಳ ಮತ್ತು ಬಲೂಚಿಯಲ್ಲಿ ಗೊತ್ತಿದ್ದವರನ್ನು ಕೇಳಿ, ಉಚ್ಚಾರಣೆಯನ್ನು ನನ್ನ ಅನುಕೂಲಕ್ಕೆ ಕನ್ನಡ ಅಕ್ಷರದಲ್ಲಿ ಬರೆದುಕೊಂಡಿದ್ದೇನೆ. ತಪ್ಪುಗಳಿರಬಹುದು, ಬಲ್ಲವರು ತಿದ್ದಲಿ. ಐದನೆಯ ಕಾಲಂ ಆ ಹುಡುಗನ ಭಾಷೆಗೆ ಅಂತ ಬಿಟ್ಟಿದ್ದು. ಅವನಿಗೆ ಕಳಿಸಿ ತಿಂಗಳಾಯಿತು. ಸ್ಟೋರಿನಲ್ಲಿ ವರ್ಷದ ಲೆಕ್ಕ ತಪಾಸಣೆ ನಡೆಯುತ್ತಿದೆಯಂತೆ, ಮುಗಿದ ಮೇಲೆ ಬರೆದು ಕಳಿಸುತ್ತೇನೆ ಅಂದಿದ್ದಾನೆ. ಸದ್ಯಕ್ಕೆ ಆ ಕಾಲಂ ಖಾಲಿ ಇದೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಚೀಫ್ ಪೆಟ್ಟಿ ಆಫೀಸರ್,
ಮೈಸೂರು